ಅಪ್‌ಡೇಟ್: ಲಾರಿಯ ಕ್ಯಾಮ್ ಟೈಮಿಂಗ್ ತಕರಾರು ಬಗೆಹರಿಯಿತು

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ ಮೇಲೆ ನಮ್ಮ ಆರು ಸಿಲಿಂಡರಿನ ಡೀಸೆಲ್ ಲಾರಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬಿಳಿ ಹೊಗೆ ಕಾರುತ್ತದೆ, ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಹೊಂದಿಸಲು ಗೇರುಗಳ ಮೇಲಿರುವ ಗುರುತುಗಳೇನೋ ಸರಿಯಾಗಿ ಕೂಡಿವೆ, ಏನು ಕಾರಣ ಎಂದು ಇಲ್ಲಿ ಕೇಳಿದ್ದೆನಲ್ಲ, ಈಗ ಲಾರಿ ಲೋಡಿಗೆ ಹೋಗುತ್ತಿದೆ.

ಡೀಸೆಲ್ ಲೈನಿನ ಗಾಳಿ ತೆಗೆದದ್ದರಿಂದ ಏನೂ ಬದಲಾಗಲಿಲ್ಲ. ಪಂಪ್ ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ) ಮುಂದಕ್ಕೆ ತಂದಾಗ ಎಂಜಿನ್ ಬಡಿಯತೊಡಗಿತು, ಹೊಗೆ ಮಾತ್ರ ಹಾಗೆಯೇ ಉಳಿಯಿತು. ದಾರಿ ತೋರಿಸಿದ್ದು "ಗುರುತು ನಂಬಬೇಡಿ, ವಾಲ್ವ್ ನೋಡಿ" ಎಂದವರು. ಒಂದನೇ ಪಿಸ್ಟನ್ ಕಂಪ್ರೆಷನ್ನಿನಲ್ಲಿ (ಗಾಳಿ ಒತ್ತುವ ಹಂತದಲ್ಲಿ) ಮೇಲಿನ ತುದಿಗೆ ಬಂದಾಗ ಆರನೆಯದರಲ್ಲಿ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ, ಗಾಳಿ ಎಳೆಯುವ ಇನ್ಲೆಟ್ ತೆರೆಯುತ್ತಾ ಇರಬೇಕು. ನಮ್ಮದರಲ್ಲಿ ಇನ್ಲೆಟ್ ಅಲ್ಲಾಡಿರಲೇ ಇಲ್ಲ! ಅಂದರೆ ಕ್ಯಾಮ್ ಹಿಂದೆ ಬಿದ್ದಿದೆ.

ಮುಂದಿನ ಕವರ್ ತೆಗೆದು ಕ್ಯಾಮ್ ಗೇರ್ ಎಳೆದೆವು. ಗೇರನ್ನು ಶಾಫ್ಟಿಗೆ ಕಚ್ಚಿಸುವ ಒಳಗಿನ ಕೀ (ಸಣ್ಣ ಲೋಹದ ತುಂಡು) ಮೆಟ್ಟಿಲಿನಂತೆ ಅರ್ಧ ಕತ್ತರಿಸಿಹೋಗಿತ್ತು, ಸವರಿದರೆ ಅಂಚು ಉಗುರಿಗೆ ಸಿಗುತ್ತಿತ್ತು. ಹೊಸ ಕ್ಯಾಮಿಗೆ ಗೇರ್ ಒತ್ತಿ ಕೂರಿಸಿಕೊಟ್ಟ ವರ್ಕ್‌ಶಾಪಿನಲ್ಲೇ ಹೀಗಾಗಿರಬೇಕು. ಗುರುತು ಇರುವುದು ಗೇರಿನ ಮೇಲೆ, ಜಾರಿದ್ದು ಶಾಫ್ಟ್. ಮತ್ತೆ ಗುರುತು ತಪ್ಪುವುದಾದರೂ ಹೇಗೆ? ಹೊಸ ಕೀ ಹಾಕಿ, ಗೇರ್ ಬಿಸಿ ಮಾಡಿ ಕೂರಿಸಿ, ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಿದೆವು. ಪುಣ್ಯಕ್ಕೆ ಕ್ಯಾಮಿನ ಒತ್ತನ್ನು ವಾಲ್ವ್ ಕಡೆಗೆ ದಾಟಿಸುವ ಪುಶ್‌ರಾಡ್ ಒಂದೂ ಬಾಗಿರಲಿಲ್ಲ.

ನನಗೆ ಗೊತ್ತಿರದಿದ್ದ ಇನ್ನೊಂದು ಸಂಗತಿ: ನಡುವೆ ಐಡ್ಲರ್ ಗೇರ್ (ಎರಡು ಗೇರುಗಳನ್ನು ಜೋಡಿಸುವ ಗೇರ್) ಇರುವ ಎಂಜಿನ್ನುಗಳಲ್ಲಿ ಹಲ್ಲುಗಳ ಸಂಖ್ಯೆ ಬೇರೆ ಬೇರೆ ಇರುವುದರಿಂದ, ಒಮ್ಮೆ ತಿರುಗಿಸಿದರೆ ಎಲ್ಲ ಗುರುತುಗಳೂ ಮತ್ತೆ ಕೂಡಲು ಹಲವು ಸುತ್ತು ಬೇಕು. ಗುರುತು ಕೂಡದ್ದನ್ನು ಕಂಡು ಗಾಬರಿಯಾಗಿ ಗೇರ್ ಬಿಚ್ಚಬೇಡಿ.