ಹೆಲ್ಮೆಟ್ ಹಾಕಿದವರು ಪುಕ್ಕಲರಾ? ರಗ್ಬಿ ದೇಶಗಳ ಕಣ್ಣಲ್ಲಿ ಅಮೆರಿಕನ್ ಫುಟ್‌ಬಾಲ್

ಡಬ್ಲಿನ್ ಶ್ರೀಧರ:
2025ರ ಸೆಪ್ಟೆಂಬರ್ 28ಕ್ಕೆ ಇಲ್ಲಿನ ಕ್ರೋಕ್ ಪಾರ್ಕ್‌ನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತು ಮಿನೆಸೋಟ ವೈಕಿಂಗ್ಸ್ ಆಡಿದರು. ಐರ್ಲೆಂಡಿನಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್) ಪಂದ್ಯಾವಳಿಯ ಲೀಗ್ ಪಂದ್ಯ ಅದೇ ಮೊದಲು. 24–21ರಲ್ಲಿ ಸ್ಟೀಲರ್ಸ್ ಗೆದ್ದರು. ಊರಿಗೆ ಊರೇ ಕಪ್ಪು–ಹಳದಿ ಜೆರ್ಸಿ ತೊಟ್ಟಿತ್ತು. ಆದರೂ ಇಲ್ಲಿನ ರಗ್ಬಿ ಮಂದಿಯ ಮಾತು ಬದಲಾಗಿಲ್ಲ. "ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್, ಐದು ಸೆಕೆಂಡ್ ಆಟ, ಆಮೇಲೆ ಜಾಹೀರಾತು. ಧೈರ್ಯ ಇದ್ದರೆ ಅದನ್ನೆಲ್ಲ ಬಿಚ್ಚಿಟ್ಟು ಆಡಲಿ." ಇಂಗ್ಲೆಂಡ್, ವೇಲ್ಸ್, ನ್ಯೂಜಿಲೆಂಡ್ ಕಡೆಯವರೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ.

ನನಗೆ ರಗ್ಬಿಯೇ ಇಷ್ಟ. ಎಂಬತ್ತು ನಿಮಿಷ, ಹದಿನೈದು ಜನ. ಅದೇ ಜನ ದಾಳಿ ಮಾಡಬೇಕು, ಅದೇ ಜನ ತಡೆಯಬೇಕು. ಸುಸ್ತಾಗಿದೆ ಅಂತ ಕೂರುವ ಹಾಗಿಲ್ಲ. ಆದರೆ 'ಪುಕ್ಕಲರು' ಅನ್ನುವ ಮಾತು ನಿಜವಾ? ಬೇರೆ ಬೇರೆ ದೇಶಗಳಲ್ಲಿ ಇರುವವರು ಹೇಳಿ. ನಿಮ್ಮ ಕಡೆ ಜನ ಈ ಎರಡು ಆಟಗಳನ್ನು ಹೇಗೆ ನೋಡುತ್ತಾರೆ?

ಮಂಜುನಾಥ, ಡಲ್ಲಾಸ್:
ನಿಜ ಅಲ್ಲವೇ ಅಲ್ಲ. ಹೆಲ್ಮೆಟ್ ಬಂದಿದ್ದು ಯಾಕೆ ಅಂತ ಮೊದಲು ತಿಳಿದುಕೊಳ್ಳಲಿ. 1905ರಲ್ಲಿ, ಒಂದೇ ಸೀಸನ್‌ನಲ್ಲಿ, ಇಲ್ಲಿ ಕನಿಷ್ಠ 18 ಹುಡುಗರು ಮೈದಾನದಲ್ಲಿ ಪೆಟ್ಟು ತಿಂದು ಸತ್ತರು. ಆಗ ಗಟ್ಟಿ ಹೆಲ್ಮೆಟ್ ಇರಲಿಲ್ಲ. ಎಲ್ಲರೂ ಒಂದೇ ಗುಂಪಾಗಿ ಕೈ ಕೈ ಹಿಡಿದು ಎದುರಾಳಿಗಳ ಮೇಲೆ ನುಗ್ಗುತ್ತಿದ್ದರು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟ ಸರಿಮಾಡಿ ಅಂದರು. ಮರುವರ್ಷವೇ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಗುಂಪು ಚದುರಲಿ ಅನ್ನುವುದೇ ಉದ್ದೇಶ. ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್ ಕಡ್ಡಾಯ ಆಗಿದ್ದು 1943ರಲ್ಲಿ.

ಇನ್ನೊಂದು ಮುಖ್ಯ ವಿಷಯ. ರಗ್ಬಿಯಲ್ಲಿ ಚೆಂಡು ಹಿಡಿದವನನ್ನು ಮಾತ್ರ ಬೀಳಿಸಬಹುದು. ಚೆಂಡಿಲ್ಲದವನ ಅಡ್ಡ ನಿಂತರೆ ಪೆನಾಲ್ಟಿ. ಇಲ್ಲಿ ಹಾಗಲ್ಲ. ಪ್ರತಿ ಪ್ಲೇನಲ್ಲೂ, ಅಂದರೆ ಪ್ರತಿ ಸಲ ಆಟ ಶುರುವಾದಾಗಲೂ, ಎರಡೂ ತಂಡಗಳ ಮುಂದಿನ ಸಾಲು, ಅಂದರೆ ಲೈನ್‌ಗಳು, ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. 140 ಕಿಲೋ ಮನುಷ್ಯ, ಎದುರಿಗೆ ಇನ್ನೊಬ್ಬ 140 ಕಿಲೋ ಮನುಷ್ಯ. ಪಂದ್ಯದುದ್ದಕ್ಕೂ ಅರವತ್ತು ಎಪ್ಪತ್ತು ಸಲ ಇದೇ. ಬರಿಮೈಯಲ್ಲಿ ಆಡಿ ತೋರಿಸಿ ಅನ್ನುವವರು ಒಂದು ಕ್ವಾರ್ಟರ್ ಆ ಲೈನ್‌ನಲ್ಲಿ ನಿಂತು ನೋಡಲಿ.

ಕೋಲಾರದ ಹುಡುಗ:
ಧೈರ್ಯದ ಮಾತು ಬಿಡಿ. ನನ್ನ ತಕರಾರು ಬೇರೆ. ಆಟ ಎಲ್ಲಿದೆ? ಗಡಿಯಾರದಲ್ಲಿ 60 ನಿಮಿಷ, ಟಿವಿಯಲ್ಲಿ ಮೂರು ಗಂಟೆ, ಚೆಂಡು ಓಡಾಡುವುದು ಸುಮಾರು 11 ನಿಮಿಷ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನವರೇ ಎಣಿಸಿ ಬರೆದ ಲೆಕ್ಕ ಇದು. ರಗ್ಬಿಯಲ್ಲಿ 80 ನಿಮಿಷಕ್ಕೆ ಮೂವತ್ತು ಚಿಲ್ಲರೆ ನಿಮಿಷವಾದರೂ ಚೆಂಡು ಆಟದಲ್ಲಿ ಇರುತ್ತದೆ. ಎನ್‌ಎಫ್‌ಎಲ್ ಫೈನಲ್ ಸೂಪರ್ ಬೌಲ್ ನೋಡೋಣ ಅಂತ ಬೆಳಗಿನ ಜಾವ ಎದ್ದು ಕೂತರೆ ನೋಡಿದ್ದು ಬರೀ ಜನ ನಿಂತು ಮಾತಾಡುವುದು.

ಮಂಜುನಾಥ, ಡಲ್ಲಾಸ್:
ಇದನ್ನು ಕ್ರಿಕೆಟ್ ನೋಡುವ ನಾವು ಹೇಳಬಾರದು ಅಲ್ವಾ? ಬೌಲರ್ ವಾಪಸ್ ನಡೆದು ಹೋಗುತ್ತಾನೆ, ಕ್ಯಾಪ್ಟನ್ ಸ್ಲಿಪ್‌ನಿಂದ ಒಬ್ಬನನ್ನು ಗಲ್ಲಿಗೆ ಸರಿಸುತ್ತಾನೆ, ಬ್ಯಾಟ್ಸ್‌ಮನ್ ಅದನ್ನು ನೋಡಿ ಗಾರ್ಡ್ ಬದಲಿಸುತ್ತಾನೆ. ಆ ಹೊತ್ತನ್ನು ಯಾರಾದರೂ ಖಾಲಿ ಸಮಯ ಅನ್ನುತ್ತಾರಾ? ಆಟ ನಡೆಯುವುದೇ ಅಲ್ಲಿ. ಅಮೆರಿಕನ್ ಫುಟ್‌ಬಾಲ್ ಕೂಡ ಚೆಂಡಿನಿಂದ ಚೆಂಡಿಗೆ ಕಟ್ಟುವ ಆಟ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರನೇ ಅವಕಾಶದಲ್ಲಿ ಎಂಟು ಗಜ ಬಾಕಿ ಇದ್ದಾಗ ಎದುರಾಳಿ ಎಷ್ಟು ಜನರನ್ನು ಮುಂದಕ್ಕೆ ನುಗ್ಗಿಸುತ್ತಾನೆ, ಎಷ್ಟು ಜನರನ್ನು ಹಿಂದೆ ಇಡುತ್ತಾನೆ? ದಾಳಿ ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅದನ್ನು ಓದಿ, ಕೂಗಿ, ಪ್ಲೇ ಬದಲಿಸುವುದನ್ನು ನೋಡಿ. ಐದು ಸೆಕೆಂಡಿಗೆ ಅರ್ಥ ಬರುವುದೇ ಆ ಮೂವತ್ತು ಸೆಕೆಂಡಿನಿಂದ.

ಜಾಹೀರಾತು ಜಾಸ್ತಿ, ಅದನ್ನು ಒಪ್ಪುತ್ತೇನೆ. ಅದು ಟಿವಿಯವರ ದುಡ್ಡಿನ ಆಸೆ. ಆಟದ ತಪ್ಪಲ್ಲ.

ಡಬ್ಲಿನ್ ಶ್ರೀಧರ:
ಕ್ರಿಕೆಟ್‌ನಲ್ಲಿ ಆ ನಿರ್ಧಾರ ಆಟಗಾರರದು. ನಿಮ್ಮಲ್ಲಿ ಕೋಚ್ ಹೆಡ್‌ಸೆಟ್ ಹಾಕಿಕೊಂಡು ಕ್ವಾರ್ಟರ್‌ಬ್ಯಾಕ್ ಕಿವಿಗೇ ಪ್ಲೇ ಹೇಳುತ್ತಾನೆ. ರಗ್ಬಿ ಕೋಚ್ ಮೇಲೆ ಸ್ಟ್ಯಾಂಡಿನಲ್ಲಿ ಕೂತಿರುತ್ತಾನೆ. 75ನೇ ನಿಮಿಷ, ಕಾಲು ಎತ್ತಲು ಆಗುತ್ತಿಲ್ಲ, ಮೂರು ಪಾಯಿಂಟ್ ಹಿಂದೆ ಇದ್ದೀವಿ, ಎದುರಾಳಿ ಗೋಲ್‌ಲೈನ್ ಹತ್ತಿರ ಪೆನಾಲ್ಟಿ ಸಿಕ್ಕಿದೆ. ಪೋಸ್ಟಿಗೆ ಒದ್ದು ಸಮ ಮಾಡಿಕೊಳ್ಳಬೇಕಾ, ಮೂಲೆಗೆ ಒದ್ದು ಗೆಲ್ಲಲು ನೋಡಬೇಕಾ? ಕ್ಯಾಪ್ಟನ್ ಅಲ್ಲೇ, ಆ ಏದುಸಿರಿನಲ್ಲೇ ಹೇಳಬೇಕು. 2015ರ ವಿಶ್ವಕಪ್‌ನಲ್ಲಿ ಬ್ರೈಟನ್‌ನಲ್ಲಿ ಜಪಾನ್ ತಂಡ ಹಾಗೇ ಮಾಡಿತು. ದಕ್ಷಿಣ ಆಫ್ರಿಕಾ ಎದುರು ಡ್ರಾ ಕೈಯಲ್ಲೇ ಇತ್ತು. ಬೇಡ ಅಂತ ಸ್ಕ್ರಮ್ (ಎರಡೂ ತಂಡದವರು ತಲೆ ಬಗ್ಗಿಸಿ ತಳ್ಳಾಡಿ ಚೆಂಡು ಗೆಲ್ಲುವುದು) ತೆಗೆದುಕೊಂಡರು. 34–32ರಲ್ಲಿ ಗೆದ್ದರು. ಈ ಥರದ್ದನ್ನು ಎನ್‌ಎಫ್‌ಎಲ್‌ನಲ್ಲಿ ನಾನು ನೋಡಿಲ್ಲ.

ಪ್ರಶಾಂತ, ಕೋಬೆ:
ಜಪಾನ್ ಮಾತು ಬಂತಲ್ಲ, ಇಲ್ಲಿನದು ಹೇಳುತ್ತೇನೆ. ಇಲ್ಲಿ ಈ ಜಗಳವೇ ಇಲ್ಲ. ಎರಡೂ ಆಟಗಳನ್ನು ಕಾಲೇಜು ಹುಡುಗರು ಬೆಳೆಸಿದರು. ಅಮೆರಿಕನ್ ಫುಟ್‌ಬಾಲ್ ಅನ್ನು 1934ರಲ್ಲಿ ಪಾಲ್ ರಷ್ ಅನ್ನುವ ಅಮೆರಿಕದ ಮಿಷನರಿ ಮೇಷ್ಟ್ರು ಟೋಕಿಯೋದಲ್ಲಿ ಶುರು ಮಾಡಿಸಿದರು. 1947ರಿಂದ ಕೋಶಿಯೆನ್ ಬೌಲ್ ನಡೆಯುತ್ತಿದೆ, ಅದು ವಿಶ್ವವಿದ್ಯಾಲಯಗಳ ದೊಡ್ಡ ಪಂದ್ಯ. ಕೋಶಿಯೆನ್ ಬೇಸ್‌ಬಾಲ್ ಸ್ಟೇಡಿಯಂ. ಆ ದಿನ ಅದೇ ಮೈದಾನದ ಮೇಲೆ ಗಜಗಳ ಗೆರೆ ಎಳೆಯುತ್ತಾರೆ. ಹೈಸ್ಕೂಲ್ ರಗ್ಬಿಗೆ ಒಸಾಕಾ ಪಕ್ಕದ ಹನಜೋನೊ. ಕ್ವಾನ್ಸೇ ಗಕುಇನ್ ವಿಶ್ವವಿದ್ಯಾಲಯದ ನೀಲಿ ಜೆರ್ಸಿ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು.

ಇಲ್ಲಿನವರು ಯಾವುದು ಗಂಡಸರ ಆಟ ಅಂತ ಕೇಳುವುದಿಲ್ಲ. ಹೇಗೆ ಆಡಿದೆ ಅಂತ ಕೇಳುತ್ತಾರೆ. 2018ರ ಮೇ ತಿಂಗಳಲ್ಲಿ ನಿಹೊನ್ ವಿಶ್ವವಿದ್ಯಾಲಯದ ಆಟಗಾರನೊಬ್ಬ, ಕ್ವಾನ್ಸೇ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದು ಸುಮ್ನೆ ನಿಂತಿದ್ದಾಗ, ಹಿಂದಿನಿಂದ ಬಂದು ಬೀಳಿಸಿದ. ವಾರಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ. ಆ ಹುಡುಗ ಪತ್ರಕರ್ತರ ಮುಂದೆ ಕೂತು ತಲೆಬಾಗಿ ಕ್ಷಮೆ ಕೇಳಿದ. ಕೋಚ್‌ಗಳ ಒತ್ತಡ ಇತ್ತು ಅಂದ. ಹೆಡ್ ಕೋಚ್ ರಾಜೀನಾಮೆ ಕೊಟ್ಟರು.

ಸಹನಾ, ಮ್ಯೂನಿಕ್:
ಜರ್ಮನಿಯಲ್ಲಿ ರಗ್ಬಿಯ ಕಥೆಯೇ ಸಣ್ಣದು. ಹೈಡೆಲ್‌ಬರ್ಗ್ ಸುತ್ತಮುತ್ತ ಬಿಟ್ಟರೆ ಆಡುವವರು ಕಡಿಮೆ. ಅಮೆರಿಕನ್ ಫುಟ್‌ಬಾಲ್ ಮಾತ್ರ ಗಟ್ಟಿಯಾಗಿ ಬೇರು ಬಿಟ್ಟಿದೆ. ಯುದ್ಧದ ನಂತರ ಅಮೆರಿಕದ ಸೈನಿಕರು ಇಲ್ಲೇ ಇದ್ದರಲ್ಲ. 1977ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ಕ್ಲಬ್ ಬಂತು, 1979ರಲ್ಲಿ ಲೀಗ್. ಎನ್‌ಎಫ್‌ಎಲ್ ಯುರೋಪ್ 2007ರಲ್ಲಿ ಮುಚ್ಚಿದಾಗ ಆರು ತಂಡಗಳಲ್ಲಿ ಐದು ಜರ್ಮನಿಯವು. 2022ರ ನವೆಂಬರ್‌ನಲ್ಲಿ ಎನ್‌ಎಫ್‌ಎಲ್‌ನ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಇಲ್ಲಿ ಆಡಿದರು. ಎಪ್ಪತ್ತು ಸಾವಿರದಷ್ಟು ಜನ. ಪಂದ್ಯದ ಕೊನೆಗೆ ಇಡೀ ಸ್ಟೇಡಿಯಂ ಒಟ್ಟಿಗೆ ಹಾಡಿತು. ಇಲ್ಲಿ 'ಹೆಲ್ಮೆಟ್ ಹಾಕಿದ ಪುಕ್ಕಲರು' ಅಂತ ಯಾರ ಬಾಯಲ್ಲೂ ಬರಲ್ಲ. ಯಾಕಂದರೆ ಹೋಲಿಸಲು ರಗ್ಬಿ ಅವರ ಮನೆಯಲ್ಲಿ ಇಲ್ಲ.

ಆ ಮಾತು ಬರುವುದು ಬ್ರಿಟಿಷರು ರಗ್ಬಿ ಬಿಟ್ಟುಹೋದ ಕಡೆಗಳಲ್ಲಿ. ಅದನ್ನು ಗಮನಿಸಿ.

ವೀಣಾ, ಆಕ್ಲೆಂಡ್:
ಸಹನಾ ಹೇಳಿದ್ದಕ್ಕೆ ಸಮೋವಾಕ್ಕಿಂತ ಒಳ್ಳೆಯ ಉದಾಹರಣೆ ಸಿಗಲ್ಲ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಅರ್ಧ ಜನ ಸಮೋವಾದವರು. ಒಂದೇ ಜನ, ಒಂದೇ ಭಾಷೆ, ಮದುವೆ ಸಂಬಂಧಗಳೂ ಆಚೀಚೆ ಇವೆ. 1900ರ ಹೊತ್ತಿಗೆ ದ್ವೀಪಗಳು ಹಂಚಿಹೋದವು. ಪೂರ್ವದ್ದು ಅಮೆರಿಕಕ್ಕೆ. ಪಶ್ಚಿಮದ್ದು ಮೊದಲು ಜರ್ಮನಿಗೆ, 1914ರಿಂದ ನ್ಯೂಜಿಲೆಂಡ್ ಕೈಗೆ. 1962ರಲ್ಲಿ ಸ್ವತಂತ್ರವಾಯಿತು. ಈಗ ನೋಡಿ. ಪಶ್ಚಿಮದ ಆಪಿಯಾದಲ್ಲಿ ಮಕ್ಕಳು ರಗ್ಬಿ ಆಡುತ್ತಾರೆ. ಅಮೆರಿಕದ ಭಾಗದ ಪಾಗೊ ಪಾಗೊದಲ್ಲಿ ಹೈಸ್ಕೂಲ್ ಹುಡುಗರು ಹೆಲ್ಮೆಟ್ ಹಾಕಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾರೆ. ನಡುವೆ ವಿಮಾನದಲ್ಲಿ ಅರ್ಧ ಗಂಟೆ ಹಾದಿ, ಅಷ್ಟೇ.

1991ರ ವಿಶ್ವಕಪ್‌ನಲ್ಲಿ ಕಾರ್ಡಿಫ್‌ಗೇ ಹೋಗಿ ವೇಲ್ಸ್ ತಂಡವನ್ನು ಸೋಲಿಸಿದ್ದು ಪಶ್ಚಿಮ ಸಮೋವಾ. ಟ್ರಾಯ್ ಪೊಲಮಾಲು ಎನ್‌ಎಫ್‌ಎಲ್ ಹಾಲ್ ಆಫ್ ಫೇಮ್ ಆಟಗಾರ, ಅವರ ಬೇರು ಅಮೆರಿಕನ್ ಸಮೋವಾ. ಇವರಲ್ಲಿ ಯಾರು ಪುಕ್ಕಲರು? ಒಂದೇ ಮನೆತನದ ಅಣ್ಣ ತಮ್ಮಂದಿರ ಮಕ್ಕಳು. ಬೇರೆ ಇದ್ದದ್ದು ಶಾಲೆಯ ಮೇಲೆ ಹಾರುತ್ತಿದ್ದ ಬಾವುಟ. ನೀವು ಯಾವ ಆಟವನ್ನು 'ನಿಜವಾದ ಆಟ' ಅನ್ನುತ್ತೀರೋ ಅದು ನಿಮ್ಮ ಅಜ್ಜನ ಕಾಲದಲ್ಲಿ ಯಾರು ಆಳಿದರು ಅನ್ನುವುದರ ಮೇಲೆ ನಿಂತಿದೆ. ರಗ್ಬಿಯೇ ಜಗತ್ತಿನ ಆಟ ಅಂತ ಹೇಳುವವರಿಗೂ ಇದೇ ಉತ್ತರ. ಪುರುಷರ ವಿಶ್ವಕಪ್ 2023ರವರೆಗೆ ಗೆದ್ದಿದ್ದು ನಾಲ್ಕೇ ದೇಶ: ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಇಂಗ್ಲೆಂಡ್.

ಡಬ್ಲಿನ್ ಶ್ರೀಧರ:
ವೀಣಾ, ಭಾರತಕ್ಕೂ ಬ್ರಿಟಿಷರು ರಗ್ಬಿ ತಂದರು. ನಮ್ಮಲ್ಲಿ ಯಾಕೆ ನಿಲ್ಲಲಿಲ್ಲ? ಇಂಗ್ಲೆಂಡ್–ಸ್ಕಾಟ್ಲೆಂಡ್ ನಡುವೆ 1879ರಿಂದ ಆಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದು ನಮ್ಮ ಬೆಳ್ಳಿ ರೂಪಾಯಿ. ಕಲ್ಕತ್ತಾದ ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಟಿವಿಯಲ್ಲಿ ಕ್ಯಾಪ್ಟನ್ ಅದನ್ನು ಎತ್ತಿದಾಗ ಸರಿಯಾಗಿ ನೋಡಿ. ಕಪ್ ಹೋಯಿತು, ಆಟವೂ ಹೋಯಿತು. ಹಾಗಾಗಿ ಬರೀ ಆಳಿದವರ ಲೆಕ್ಕ ಸಾಲದು.

ವೀಣಾ, ಆಕ್ಲೆಂಡ್:
ಕ್ಲಬ್ ಮುಚ್ಚಿದ್ದೇ ಆಡುತ್ತಿದ್ದ ಬಿಳಿಯರು ಪೋಲೊ, ಟೆನಿಸ್ ಕಡೆ ಹೋದರು ಅಂತ. ಶಾಲೆಗೆ ಇಳಿಯದ ಆಟ ಉಳಿಯಲ್ಲ. ಸಮೋವಾದಲ್ಲಿ ಶಾಲೆಗೆ, ಊರಿಗೆ ಇಳಿಯಿತು. ಒಡಿಶಾದಲ್ಲೂ ನೋಡಿ, ಬುಡಕಟ್ಟು ಮಕ್ಕಳ ಶಾಲೆಗೆ ಆಟ ಬಂದ ಮೇಲೆ ಅಲ್ಲಿಂದ ಎಷ್ಟು ಆಟಗಾರರು ಬಂದರು. 2025ರಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಲ್ಲೂ ತಂಡ ಇತ್ತು, ಬ್ರೇವ್‌ಹಾರ್ಟ್ಸ್.

ಅನುಪಮಾ ಫಿಸಿಯೊ:
ನಾನು ಮೈಸೂರಿನಲ್ಲಿ ಕ್ರೀಡಾ ಗಾಯಗಳ ಮೇಲೆ ಕೆಲಸ ಮಾಡುತ್ತೇನೆ. ಇಷ್ಟೊತ್ತು ಧೈರ್ಯದ ಬಗ್ಗೆ ಮಾತಾಡಿದಿರಿ, ತಲೆಯ ಬಗ್ಗೆ ಸ್ವಲ್ಪ ಕೇಳಿ. ಹೆಲ್ಮೆಟ್ ತಲೆಬುರುಡೆ ಒಡೆಯದ ಹಾಗೆ ನೋಡಿಕೊಳ್ಳುತ್ತದೆ. ಮಿದುಳು ಒಳಗಡೆ ಅಲುಗಾಡುವುದನ್ನು ತಡೆಯಲು ಅದರಿಂದ ಆಗಲ್ಲ. ವೇಗವಾಗಿ ಬಂದ ತಲೆ ತಟ್ಟನೆ ನಿಂತರೆ ಒಳಗಿನ ಮಿದುಳು ಮುಂದಕ್ಕೆ ಹೋಗಿ ತಿರುಚಿಕೊಳ್ಳುತ್ತದೆ. ಮೇಲಾಗಿ ಗಟ್ಟಿ ಹೆಲ್ಮೆಟ್ ಇದೆ ಅನ್ನುವ ಧೈರ್ಯದಲ್ಲಿ ಆಟಗಾರರು ತಲೆಯನ್ನೇ ಆಯುಧ ಮಾಡಿಕೊಂಡರು. ಅದನ್ನು ನಿಲ್ಲಿಸಲು ನಿಯಮಗಳ ಮೇಲೆ ನಿಯಮ ತರಬೇಕಾಯಿತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಆಟಗಾರರಾಗಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ವೆಬ್‌ಸ್ಟರ್ ಮಿದುಳಿನಲ್ಲಿ ಡಾ. ಬೆನೆಟ್ ಒಮಾಲು ಸಿಟಿಇ ಕಂಡರು. ಪದೇ ಪದೇ ತಲೆಗೆ ಬಿದ್ದ ಪೆಟ್ಟಿಗೆ ಸಂಬಂಧಿಸಿದ ಕಾಯಿಲೆ ಅದು. ಸಮೋವಾ ಮೂಲದ ಎನ್‌ಎಫ್‌ಎಲ್ ಆಟಗಾರ ಜೂನಿಯರ್ ಸೇಯೌ 2012ರಲ್ಲಿ ತೀರಿಕೊಂಡರು. ಅವರಲ್ಲೂ ಅದೇ.

ಇದನ್ನು ಓದಿ ರಗ್ಬಿಯವರು ನೆಮ್ಮದಿಯಾಗಿ ಕೂರುವ ಹಾಗಿಲ್ಲ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಆಟಗಾರ ಸ್ಟೀವ್ ಥಾಂಪ್ಸನ್‌ಗೆ ನಲವತ್ತರ ಆಚೀಚೆಯಲ್ಲೇ ಮರೆವಿನ ಕಾಯಿಲೆ ಬಂತು. ಆ ವಿಶ್ವಕಪ್ ಗೆದ್ದದ್ದೇ ನೆನಪಿಲ್ಲ ಅಂತ ಅವರು 2020ರಲ್ಲಿ ಹೇಳಿದರು. ಗೆದ್ದ ಕಪ್ ನೆನಪಿಲ್ಲ! ಅವರೂ ಅವರ ಹಾಗೆ ನರಳುತ್ತಿರುವ ಇತರ ಆಟಗಾರರೂ ರಗ್ಬಿ ಆಡಳಿತ ಸಂಸ್ಥೆಗಳ ಮೇಲೆ ಕೇಸ್ ಹಾಕಿದ್ದಾರೆ. ಹಾಗಾಗಿ 'ಹೆಲ್ಮೆಟ್ ಇಲ್ಲದೆ ಆಡುತ್ತೇವೆ' ಅಂತ ಎದೆ ತಟ್ಟಿಕೊಳ್ಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಮಂಜುನಾಥ, ಡಲ್ಲಾಸ್:
ಒಪ್ಪಿದೆ. ಆಟ ಆಟದಿಂದ ಕಲಿತದ್ದೂ ಇದೆ. ಸಿಯಾಟಲ್ ಸೀಹಾಕ್ಸ್ ಕೋಚ್ ಪೀಟ್ ಕ್ಯಾರೊಲ್ 2014ರಲ್ಲಿ ರಗ್ಬಿ ಥರ ಟ್ಯಾಕಲ್ ಮಾಡುವುದನ್ನು, ಅಂದರೆ ಎದುರಾಳಿಯನ್ನು ಹಿಡಿದು ಬೀಳಿಸುವುದನ್ನು, ವಿಡಿಯೋ ಮಾಡಿ ಹಂಚಿದರು. ತಲೆ ಆಚೆಗೆ, ಭುಜ ತೊಡೆಗೆ, ತೋಳು ಸುತ್ತಿ ಹಿಡಿ. ಅದೇ ತಂಡ ಅದೇ ವರ್ಷ ಸೂಪರ್ ಬೌಲ್ ಗೆದ್ದಿತ್ತು.

ಕೋಲಾರದ ಹುಡುಗ:
ರಗ್ಬಿಯವರು ಅಲ್ಲಿ ಹೋಗಿ ಆಡಿದ್ದು ಏನಾಯಿತು? ಅದು ನಿಜವಾದ ಪರೀಕ್ಷೆ ಅಲ್ವಾ?

ಮಂಜುನಾಥ, ಡಲ್ಲಾಸ್:
ಇಂಗ್ಲೆಂಡಿನ ಕ್ರಿಶ್ಚಿಯನ್ ವೇಡ್ 2019ರ ಪ್ರೀಸೀಸನ್‌ನಲ್ಲಿ (ಲೀಗ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳು) ಎನ್‌ಎಫ್‌ಎಲ್‌ನ ಬಫಲೋ ತಂಡದ ಪರ ಚೆಂಡು ಮುಟ್ಟಿದ ಮೊದಲ ಸಲವೇ 65 ಗಜ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದರು. ಆದರೂ ಲೀಗ್ ಪಂದ್ಯ ಆಡಲು ಆಗಲಿಲ್ಲ. ವೇಲ್ಸ್‌ನ ಲೂಯಿಸ್ ರೀಸ್-ಜಾಮಿಟ್ 2024ರಲ್ಲಿ ರಗ್ಬಿ ಬಿಟ್ಟು ಬಂದರು, 2025ರಲ್ಲಿ ವಾಪಸ್ ಹೋದರು. ಇಬ್ಬರೂ ಮಿಂಚಿನಂಥ ಓಟಗಾರರು. ಓಟದ ಕೊರತೆ ಇರಲಿಲ್ಲ. ಚೆಂಡಿಲ್ಲದಾಗ ಏನು ಮಾಡಬೇಕು ಅನ್ನುವುದನ್ನು ಇಲ್ಲಿನ ಹುಡುಗರು ಹತ್ತು ವರ್ಷದಿಂದ ಕಲಿತಿರುತ್ತಾರೆ.

ಗೆದ್ದವರು ಜೋರ್ಡನ್ ಮೈಲಾಟಾ. ಸಿಡ್ನಿಯ ಹುಡುಗ, ಸಮೋವಾ ಮೂಲ, ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಲೀಗ್ ಆಡುತ್ತಿದ್ದವರು. 150 ಕಿಲೋಗಿಂತ ಜಾಸ್ತಿ. 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದವರು ಡ್ರಾಫ್ಟ್‌ನ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಕೊನೆಯ ಸುತ್ತಿನಲ್ಲಿ ತೆಗೆದುಕೊಂಡರು. ಅಲ್ಲಿಯವರೆಗೆ ಒಂದೇ ಒಂದು ಫುಟ್‌ಬಾಲ್ ಪಂದ್ಯ ಆಡಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಎಡಗಡೆ ಕಾಯುವ ಜಾಗ ಕೊಟ್ಟರು. ಚೆಂಡು ಹಿಡಿದು ಗುದ್ದಿಕೊಂಡು ಓಡುತ್ತಿದ್ದ ಮನುಷ್ಯ ಚೆಂಡನ್ನೇ ಮುಟ್ಟದ ಕೆಲಸ ಕಲಿತರು. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು. ಅವರ ಕಾಲು ನೋಡಿ. ಅಷ್ಟು ಭಾರದ ದೇಹ ಹಿಂದಕ್ಕೆ ಜಾರುವಾಗ ಹೆಜ್ಜೆ ಎಷ್ಟು ಸಣ್ಣದಾಗಿ, ಬೇಗ ಬೇಗ ಬೀಳುತ್ತದೆ ಅಂತ.

ಡಬ್ಲಿನ್ ಶ್ರೀಧರ:
ಮೈಲಾಟಾ ಆಟ ನೋಡುತ್ತೇನೆ. ಆದರೆ ಮೈದಾನದಲ್ಲಿ ಒಂದು ಸಲವೂ ಚೆಂಡು ಕೈಗೆ ಸಿಗದ ಆಟಗಾರ ಇರುವುದು ನನಗೆ ಇವತ್ತಿಗೂ ಒಗ್ಗುವುದಿಲ್ಲ. ರಗ್ಬಿಯಲ್ಲಿ ಸ್ಕ್ರಮ್‌ನ ಮುಂದಿನ ಸಾಲಿನ ಪ್ರಾಪ್ ಕೂಡ ಪಾಸ್ ಮಾಡುತ್ತಾನೆ, ಗೆರೆಯಾಚೆ ಚೆಂಡು ಊರಿ ಟ್ರೈ ಹೊಡೆಯುತ್ತಾನೆ.

ಅನುಪಮಾ ಅವರೇ, ಒಂದು ಪ್ರಶ್ನೆ. ಮಗ ಇಲ್ಲಿನ ಕ್ಲಬ್‌ನಲ್ಲಿ ರಗ್ಬಿ ಸೇರಬೇಕು ಅಂತ ಹಟ ಹಿಡಿದಿದ್ದಾನೆ. ಎರಡನೇ ಕ್ಲಾಸು. ಸೇರಿಸಲಾ?

ಅನುಪಮಾ ಫಿಸಿಯೊ:
ಆ ವಯಸ್ಸಿಗೆ ಟ್ಯಾಗ್ ರಗ್ಬಿ ಇರುತ್ತದೆ. ಸೊಂಟದ ಪಟ್ಟಿ ಕಿತ್ತರೆ ಟ್ಯಾಕಲ್ ಆದ ಹಾಗೆ. ಧಾರಾಳವಾಗಿ ಸೇರಿಸಿ. ಮಂಜುನಾಥ್ ಅವರ ಊರಿನ ಫ್ಲ್ಯಾಗ್ ಫುಟ್‌ಬಾಲ್ ಕೂಡ ಹಾಗೇ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರುತ್ತಿರುವುದೂ ಅದೇ. ಮುಂದೆ ಟ್ಯಾಕಲ್ ಶುರುವಾದಾಗ ಕೋಚ್ ಹತ್ತಿರ ಎರಡು ವಿಷಯ ಕೇಳಿ. ತಲೆ ಎಲ್ಲಿಡಬೇಕು ಅಂತ ವಾರವಾರ ಅಭ್ಯಾಸ ಮಾಡಿಸುತ್ತೀರಾ? ಪೆಟ್ಟು ಬಿದ್ದ ಹುಡುಗನನ್ನು ಅದೇ ದಿನ ವಾಪಸ್ ಆಡಿಸುತ್ತೀರಾ? ಎರಡನೆಯದಕ್ಕೆ 'ಚೆನ್ನಾಗಿ ಕಂಡರೆ ಆಡಿಸುತ್ತೇವೆ' ಅಂದರೆ ಆ ಕ್ಲಬ್ ಬೇಡ.