ಅಪ್ಪ ಕರೆಂಟ್ ಸಾಕು ಅನ್ನುತ್ತಿದ್ದಾರೆ, ಹತ್ತು ದಿನ ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮೂರು ಶಾಂತಿಗ್ರಾಮದ ಹತ್ತಿರ. ಅಪ್ಪನಿಗೆ 61 ವರ್ಷ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಎಡಗೆನ್ನೆ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಈಗ ಬೆಂಗಳೂರಲ್ಲಿ ರೂಮು ಮಾಡಿಕೊಂಡು ಕರೆಂಟ್ (ರೇಡಿಯೇಷನ್) ಕೊಡಿಸುತ್ತಿದ್ದೇವೆ, ವಾರಕ್ಕೊಂದು ಕೀಮೋನೂ ಇದೆ. ಕರೆಂಟ್ 30 ಸಲದಲ್ಲಿ 14 ಆಗಿದೆ. ಬಾಯೆಲ್ಲಾ ಹುಣ್ಣು. ಮುದ್ದೆ ಬಿಡಿ, ನೀರು ನುಂಗುವುದಕ್ಕೂ ಒದ್ದಾಡುತ್ತಾರೆ. "ಬಾಯಿ ಸುಟ್ಟೇ ಹೋಯಿತು, ಊರಿಗೆ ಕರೆದುಕೊಂಡು ಹೋಗು" ಅನ್ನುತ್ತಾರೆ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ. ದರ್ಶನ ಮಾಡಿಸಿ, ಹತ್ತು ದಿನ ಸುಧಾರಿಸಿಕೊಂಡು, ಆಮೇಲೆ ಮುಂದುವರಿಸಬಹುದಾ? ಇನ್ನೊಂದು, 2 ವರ್ಷದ ಮೊಮ್ಮಗಳನ್ನು ಹತ್ತಿರ ಬಿಡಬೇಡಿ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ನಿಜಾನಾ?

ಉತ್ತರ (ರೇಡಿಯೇಷನ್ ಡಾಕ್ಟರ್): ಮೊದಲು ಮಗುವಿನ ವಿಷಯ ಮುಗಿಸೋಣ. ನಾವೆಲ್ಲ ಕರೆಂಟ್ ಅಂತೀವಿ, ಆದರೆ ಅದು ಕರೆಂಟ್ ಅಲ್ಲ. ಜಾಸ್ತಿ ಶಕ್ತಿಯ ಎಕ್ಸ್‌ರೇ. ಮಷಿನ್ ಆಫ್ ಆದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಗಳು ತಾತನ ತೊಡೆ ಮೇಲೆ ಕೂರಲಿ. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ಅಯೋಡಿನ್ ಔಷಧಿ ಬೇರೆ. ಅದಾದ ಮೇಲೆ ಕೆಲವು ದಿನ ಮಕ್ಕಳಿಂದ ದೂರ ಇರಬೇಕು. ಆ ಮಾತನ್ನೇ ಜನ ಎಲ್ಲರಿಗೂ ಹಚ್ಚಿಬಿಡುತ್ತಾರೆ.

ಹತ್ತು ದಿನ ಬಿಡುವುದು ಬೇಡ. ದಯವಿಟ್ಟು ಬೇಡ. ಬಾಯಿಯ ಒಳಪದರ ದಿನಾ ಸವೆದು ದಿನಾ ಹೊಸದಾಗಿ ಹುಟ್ಟುತ್ತದೆ. ರೇಡಿಯೇಷನ್ ಆ ಹುಟ್ಟುವುದನ್ನು ತಡೆಯುತ್ತದೆ. ಹಳೆಯದು ಉದುರುತ್ತದೆ, ಹೊಸದು ಬರುವುದಿಲ್ಲ, ಅದೇ ಹುಣ್ಣು. ಎರಡನೇ, ಮೂರನೇ ವಾರದಲ್ಲಿ ಶುರುವಾಗುತ್ತದೆ. ಮುಗಿದ ಮೇಲೂ ಒಂದೆರಡು ವಾರ ಜೋರಾಗಿರುತ್ತದೆ. ಆಮೇಲೆ ನಿಧಾನವಾಗಿ ಮಾಯುತ್ತದೆ. ಆದರೆ ನಡುವೆ ಬಿಟ್ಟರೆ ಒಳ್ಳೆಯ ಕಣದ ಜೊತೆ ಉಳಿದಿರುವ ಕ್ಯಾನ್ಸರ್ ಕಣವೂ ಚಿಗುರುತ್ತದೆ. ಈ ಹಂತದಲ್ಲಿ ಮೊದಲಿಗಿಂತ ಜೋರಾಗಿ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ರೇಡಿಯೇಷನ್ ಅಳೆಯುವ ಲೆಕ್ಕ) ಹಾಗೆ 30 ಸಿಟ್ಟಿಂಗಿಗೆ 60 ಗ್ರೇ, ಆರು ವಾರ. ಆ ಆರು ವಾರವೂ ಔಷಧಿಯ ಒಂದು ಭಾಗವೇ. ಹಬ್ಬದ ರಜೆಯೋ ಮಷಿನ್ ಕೆಟ್ಟೋ ಒಂದು ದಿನ ತಪ್ಪಿದರೆ ನಾವೇ ಶನಿವಾರ ಕರೆಸುತ್ತೇವೆ, ಇಲ್ಲವೇ ಆರು ಗಂಟೆ ಅಂತರದಲ್ಲಿ ದಿನಕ್ಕೆ ಎರಡು ಸಲ ಕೊಡುತ್ತೇವೆ.

ಅಪ್ಪ ಸುಮ್ನೆ ಹಟ ಮಾಡುತ್ತಿಲ್ಲ, ಅವರಿಗೆ ನಿಜಕ್ಕೂ ನೋವಿದೆ. ಅದನ್ನು ನಾಳೆಯೇ ಡಾಕ್ಟರಿಗೆ ಹೇಳಿ. ಊಟಕ್ಕೆ ಮುಂಚೆ ಹಚ್ಚುವ ಮರಗಟ್ಟಿಸುವ ಜೆಲ್ ಇದೆ. ಸಾಲದಿದ್ದರೆ ಮಾರ್ಫಿನ್ ಇದೆ, ಹೆದರಬೇಡಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ. ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲಿ. ಖಾರ, ಹುಳಿ, ಬಿಸಿ ಬಿಸಿ ಕಾಫಿ ಬೇಡ. ಅಡಿಕೆ, ಹೊಗೆಸೊಪ್ಪು ಒಂದು ಚೂರೂ ಬೇಡ. ಕೆನ್ನೆ, ಕುತ್ತಿಗೆಗೆ ಅರಿಶಿನ, ಎಣ್ಣೆ, ಪೌಡರ್ ಹಚ್ಚಬೇಡಿ. ರೇಜರ್ ತಾಗಿಸಬೇಡಿ.

ತೂಕ ವಾರವಾರ ನೋಡಿ. ಇದು ಬಹಳ ಮುಖ್ಯ. ರೇಡಿಯೇಷನ್ ಕೊಡುವಾಗ ತಲೆ ಅಲ್ಲಾಡದಂತೆ ಮುಖಕ್ಕೆ ಹಾಕುವ ಆ ಜಾಲರಿ ಮಾಸ್ಕ್ ಮೊದಲ ದಿನದ ಮುಖಕ್ಕೆ ಅಳತೆ ಮಾಡಿದ್ದು. ತೂಕ ಇಳಿದರೆ ಅದು ಸಡಿಲವಾಗುತ್ತದೆ, ಗುರಿ ತಪ್ಪುತ್ತದೆ. ನುಂಗಲು ಆಗದೆ ಮೂಗಿಗೆ ನಳಿಕೆ ಹಾಕೋಣ ಅಂದರೆ ಬೇಡ ಅನ್ನಬೇಡಿ. ಬಾಯಿ ಮಾದ ಮೇಲೆ ತೆಗೆಯುತ್ತಾರೆ.

ದೇವಿಯ ದರ್ಶನ? ಶನಿವಾರ ಭಾನುವಾರ ರಜೆ ಇರುತ್ತದೆ. ಆದರೆ ಕೀಮೋ ನಡೆಯುವಾಗ ಆ ಕ್ಯೂನಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದಕ್ಕೆ ನನಗೆ ಮನಸ್ಸಿಲ್ಲ. ರಕ್ತದಲ್ಲಿ ಬಿಳಿ ಕಣ ಕಡಿಮೆ ಇದ್ದರೆ ಸೋಂಕು ಬೇಗ ತಗಲುತ್ತದೆ. ಈ ಸಲ ನೀವು ಹೋಗಿ ಪ್ರಸಾದ ತನ್ನಿ. ಜ್ವರ 100.4 ಡಿಗ್ರಿ ದಾಟಿದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಅರಸೀಕೆರೆಯ ಒಬ್ಬರು: ಅಣ್ಣಾ, ನಮ್ಮಮ್ಮನಿಗೂ ಹೀಗೇ ಆಗಿತ್ತು. ಮಕ್ಕಳಿಗೆ ಮಾಡುವ ರಾಗಿ ಸರಿಯನ್ನು ಹಾಲಲ್ಲಿ ತೆಳ್ಳಗೆ ಕಾಯಿಸಿ, ಆರಿಸಿ, ಒಂದು ಚಮಚ ತುಪ್ಪ ಹಾಕಿ ಕೊಡುತ್ತಿದ್ದೆವು. ಒಂದೇ ಸಲ ಲೋಟ ತುಂಬಾ ಕೊಡಬೇಡಿ. ಅರ್ಧರ್ಧ ಲೋಟ, ದಿನಕ್ಕೆ ಎಂಟು ಸಲ. ಡಾಕ್ಟ್ರೇ, ನನ್ನದೂ ಒಂದು ಪ್ರಶ್ನೆ. ಅಮ್ಮನಿಗೆ ಕರೆಂಟ್ ಕೊಡಿಸುವುದು ಮುಗಿದು ಎರಡು ವರ್ಷ ಆಯಿತು. ದವಡೆ ಹಲ್ಲು ಅಲ್ಲಾಡುತ್ತಿದೆ. ಇಲ್ಲೇ ಕೀಳಿಸಿಬಿಡಲಾ?

ಉತ್ತರ: ರಾಗಿ ಸರಿ ಚೆನ್ನಾಗಿದೆ. ಮೊಟ್ಟೆ ತಿನ್ನುವವರಾದರೆ ಚೆನ್ನಾಗಿ ಬೇಯಿಸಿ, ಹಾಲಲ್ಲಿ ನುಣ್ಣಗೆ ಅರೆದು ಅದನ್ನೂ ಕೊಡಿ. ಹಲ್ಲು ಮಾತ್ರ ಈಗಲೇ ಕೀಳಿಸಬೇಡಿ ತಾಯಿ. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಓಡಾಟ ಕಡಿಮೆ. ಕಿತ್ತ ಜಾಗ ಮಾಯದೆ ಮೂಳೆಯೇ ಕೊಳೆಯಬಹುದು. ಎಷ್ಟು ವರ್ಷ ಆದರೂ ಈ ಭಯ ಇದ್ದೇ ಇರುತ್ತದೆ. ಹಳೇ ಫೈಲ್ ತೆಗೆದುಕೊಂಡು ಮೊದಲು ರೇಡಿಯೇಷನ್ ಕೊಟ್ಟ ಆಸ್ಪತ್ರೆಯಲ್ಲಿ ತೋರಿಸಿ. ಯಾವ ಭಾಗಕ್ಕೆ ಎಷ್ಟು ಬಿದ್ದಿದೆ ಅಂತ ಅವರು ಬರೆದು ಕೊಟ್ಟ ಮೇಲೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಜೆಲ್ ಬರೆದುಕೊಟ್ಟರು. ಇವತ್ತು 15ನೇದು ತೆಗೆದುಕೊಂಡರು. ತೂಕ 52 ಇದೆ, ಶುರುವಿನಲ್ಲಿ 56 ಇತ್ತು.

ಉತ್ತರ: ನಾಲ್ಕು ಕೆಜಿ ಇಳಿದಿದ್ದಾರೆ, ಜಾಸ್ತಿಯೇ ಆಯಿತು. ನಾಳೆ ಮಲಗಿಸುವಾಗ ಮಾಸ್ಕ್ ಸಡಿಲ ಇದೆಯಾ ನೋಡಿ ಅಂತ ಟೆಕ್ನಿಷಿಯನ್‌ಗೆ ಹೇಳಿ. ನಳಿಕೆ ವಿಷಯವನ್ನೂ ನಾಳೆಯೇ ಕೇಳಿ.