ಮೊದಲ ಎಫ್‌ಪಿವಿ ಡ್ರೋನ್: ಮೋಟಾರ್ ಕೈಯಲ್ಲಿದೆ, ಬ್ಯಾಟರಿ ಯಾವುದು ತಗೊಳ್ಳಲಿ?

ಪ್ರಶ್ನೆ (ಬದಿಯಡ್ಕದ ವಿದ್ಯಾರ್ಥಿ): ನಮಸ್ಕಾರ ಸರ್. ನಾನು ಡಿಪ್ಲೊಮಾ ಓದುತ್ತಿದ್ದೇನೆ. ಐದು ಇಂಚಿನ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾದ ಚಿತ್ರವನ್ನು ಗಾಗಲ್ಸಿನಲ್ಲಿ ನೋಡುತ್ತಾ ಹಾರಿಸುವಂಥದ್ದು) ಮನೆಯಲ್ಲೇ ಕಟ್ಟಬೇಕು ಅಂತ ಎರಡು ವರ್ಷದಿಂದ ಆಸೆ. ರಜೆಯಲ್ಲಿ ತೋಟದ ಕೆಲಸ ಮಾಡಿ 35,000 ರೂಪಾಯಿ ಕೂಡಿಟ್ಟಿದ್ದೇನೆ. ಅಣ್ಣನ ಗೆಳೆಯರು ನಾಲ್ಕು ಹಳೆಯ ಮೋಟಾರ್ ಕೊಟ್ಟಿದ್ದಾರೆ. ಮೇಲೆ 2306, 2450 ಕೆವಿ ಅಂತ ಇದೆ. ವಿಡಿಯೊಗಳಲ್ಲಿ ಎಲ್ಲರೂ 6ಎಸ್ ಬ್ಯಾಟರಿಯೇ ಒಳ್ಳೆಯದು ಅನ್ನುತ್ತಾರೆ. ಹಾಗಾಗಿ ಎರಡು 6ಎಸ್ ಬ್ಯಾಟರಿ ಆರ್ಡರ್ ಮಾಡಬೇಕು ಅಂತಿದ್ದೇನೆ. ಸರಿಯಾ? ಉಳಿದ ಭಾಗಗಳನ್ನು ಹೇಗೆ ಆರಿಸಲಿ?

ಉತ್ತರ: ಆ ಬ್ಯಾಟರಿ ಆರ್ಡರ್ ಮಾಡಬೇಡಿ. ಮೊದಲು ಇದನ್ನು ಓದಿ.

2306 ಅನ್ನುವುದು ಮೋಟಾರಿನ ಅಳತೆ. ಕೆವಿ ಅಂದರೆ ಒಂದು ವೋಲ್ಟಿಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ, ಪ್ರೊಪೆಲ್ಲರ್ ಇಲ್ಲದೆ. 4ಎಸ್ ಅಂದರೆ ನಾಲ್ಕು ಸೆಲ್ ಸಾಲಾಗಿ ಜೋಡಿಸಿದ ಬ್ಯಾಟರಿ, 6ಎಸ್ ಅಂದರೆ ಆರು. ಪೂರ್ತಿ ಚಾರ್ಜ್ ಆದ 4ಎಸ್ ಬ್ಯಾಟರಿಯಲ್ಲಿ 16.8 ವೋಲ್ಟ್ ಇರುತ್ತದೆ. ನಿಮ್ಮ ಮೋಟಾರಿಗೆ ಗುಣಿಸಿದರೆ ಸುಮಾರು 41,000 ಸುತ್ತು. 6ಎಸ್‌ನಲ್ಲಿ 25.2 ವೋಲ್ಟ್. ಆಗ ಸುಮಾರು 61,700 ಸುತ್ತು. ಐದು ಇಂಚಿನ ಪ್ರೊಪೆಲ್ಲರ್ ಹಾಕಿ ಆ ವೇಗಕ್ಕೆ ಎಳೆದರೆ ಮೋಟಾರ್ ವಿಪರೀತ ಕರೆಂಟ್ ಎಳೆಯುತ್ತದೆ. ಸುರುಳಿ ಸುಡಬಹುದು, ಮೋಟಾರಿನ ವೇಗ ನಡೆಸುವ ಬೋರ್ಡ್ ಆದ ಇಎಸ್‌ಸಿಯೂ ಹೋಗಬಹುದು. 6ಎಸ್ ಹಾರಿಸುವವರು 1,750 ಕೆವಿ ಆಸುಪಾಸಿನ ಮೋಟಾರ್ ಹಾಕುತ್ತಾರೆ. ಅದನ್ನು 25.2ಕ್ಕೆ ಗುಣಿಸಿ ನೋಡಿ: 44,100. ನಿಮ್ಮ 4ಎಸ್ ಲೆಕ್ಕದ ಹತ್ತಿರವೇ ಬಂತಲ್ವಾ? ವಿಡಿಯೊದವರು ಹೇಳಿದ್ದು ಸುಳ್ಳಲ್ಲ. ಅವರ ಮೋಟಾರ್ ಬೇರೆ, ಅಷ್ಟೇ.

ಹಾಗಾಗಿ ನಿಮಗೆ 4ಎಸ್, 1,500 ಎಂಎಎಚ್, ಎಕ್ಸ್‌ಟಿ60 ಕನೆಕ್ಟರ್ ಇರುವ ಬ್ಯಾಟರಿ. ಈಗ ಎರಡು ಸಾಕು. ಮೋಟಾರುಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅನ್ನಿಸಿದರೆ ಬೇರಿಂಗ್ ಹೋಗಿದೆ. ಬೇರಿಂಗ್ ಬದಲಿಸಬಹುದು. ಆದರೆ ಗಂಟೆಯ ಆಕಾರದ ಹೊರಭಾಗ ಸೊಟ್ಟಗಾಗಿದ್ದರೆ ಆ ಮೋಟಾರ್ ಬೇಡ.

ಈಗ ಹಣದ ವಿಷಯ. 35,000ದಲ್ಲಿ ಸುಮಾರು ಅರ್ಧ ನೆಲದ ಮೇಲೆ ಉಳಿಯುವ ಸಾಮಾನಿಗೆ ಹೋಗಲಿ: ರೇಡಿಯೊ (ಕೈಯಲ್ಲಿ ಹಿಡಿದು ಡ್ರೋನ್ ನಡೆಸುವ ರಿಮೋಟ್), ಗಾಗಲ್ಸ್, ಚಾರ್ಜರ್, ಬೆಸುಗೆ ಕಬ್ಬಿಣ. ಡ್ರೋನ್ ಬೀಳುತ್ತದೆ, ಮುರಿಯುತ್ತದೆ, ಒಂದು ದಿನ ಕಳೆದೂ ಹೋಗಬಹುದು. ಇವು ಮುಂದಿನ ಮೂರು ಡ್ರೋನಿಗೂ ಬರುತ್ತವೆ. ಎಲ್ಲವನ್ನೂ ಒಂದೇ ಸಲಕ್ಕೆ ತರಿಸಬೇಡಿ. ಮೊದಲು ರೇಡಿಯೊ ಮಾತ್ರ ತನ್ನಿ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ 2.4 ಗಿಗಾಹರ್ಟ್ಸ್ (ರೇಡಿಯೊ ಡ್ರೋನಿನ ಜೊತೆ ಮಾತಾಡುವ ಪದ್ಧತಿ) ಒಳಗೇ ಇರುವಂಥದ್ದು ನೋಡಿ. ರೇಡಿಯೊಮಾಸ್ಟರ್ ಪಾಕೆಟ್ ಚಿಕ್ಕದು, ಕಲಿಯುವವರಿಗೆ ಸಾಕು. ಅದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ ಒಂದು ತಿಂಗಳು ಸಿಮ್ಯುಲೇಟರ್‌ನಲ್ಲಿ ಹಾರಿಸಿ. ದಿನಾ ಅರ್ಧ ಗಂಟೆ ಕೂತರೂ ಸಾಕು. ಅಲ್ಲಿ ನೂರು ಸಲ ಬಿದ್ದರೂ ಒಂದು ರೂಪಾಯಿ ಖರ್ಚಿಲ್ಲ. ಇದನ್ನು ಬಿಟ್ಟು ನೇರ ಗದ್ದೆಗೆ ಇಳಿದವರ ಡ್ರೋನ್ ಮೊದಲ ವಾರವೇ ರಿಪೇರಿಗೆ ನನ್ನ ಮೇಜಿಗೆ ಬರುತ್ತದೆ. ನೋಡಿ ಬೇಸರವಾಗುತ್ತದೆ.

ಇಎಸ್‌ಸಿ ಮತ್ತು ಫ್ಲೈಟ್ ಕಂಟ್ರೋಲರ್ (ಡ್ರೋನಿನ ಮೆದುಳಿನಂಥ ಬೋರ್ಡ್) ಒಂದೇ ಕಂಪೆನಿಯ ಜೋಡಿಯಾಗಿ ತಗೊಳ್ಳಿ. ಬೇರೆ ಬೇರೆ ತಂದರೆ ಮಧ್ಯದ ಕೇಬಲ್ಲಿನಲ್ಲಿ ತಂತಿಗಳ ಕ್ರಮ ಬೇರೆ ಇರಬಹುದು. ನೋಡದೆ ಚುಚ್ಚಿದರೆ ಬೋರ್ಡ್ ಹೋಯಿತು. ಎಫ್405 ಪ್ರೊಸೆಸರ್ ಸಾಕು, ಎಫ್7ಗೆ ಜಾಸ್ತಿ ಕೊಡಬೇಕಾಗಿಲ್ಲ. ಎಫ್411 ಬೇಡ, ಅದರಲ್ಲಿ ರಿಸೀವರ್ (ರೇಡಿಯೊದ ಸಂಕೇತ ಹಿಡಿಯುವ ಪುಟ್ಟ ಬೋರ್ಡ್), ಜಿಪಿಎಸ್ ಎಲ್ಲ ಜೋಡಿಸಲು ಪೋರ್ಟ್ ಕಡಿಮೆ. ಇಎಸ್‌ಸಿ 45 ಆಂಪಿಯರಿನದು, ನಾಲ್ಕೂ ಒಂದೇ ಬೋರ್ಡಿನಲ್ಲಿರುವುದು. ಅದು 6ಎಸ್ ತನಕ ತಡೆಯುವಂಥದ್ದೇ ಇರಲಿ. ನಾಳೆ ಮೋಟಾರ್ ಬದಲಿಸಿದಾಗ ಬೋರ್ಡ್ ಬದಲಿಸಬೇಕಾಗುವುದಿಲ್ಲ. ಬಿಎಲ್‌ಹೆಲಿ-ಎಸ್ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಇರುವ ಅಗ್ಗದ ಇಎಸ್‌ಸಿ ಆದರೂ ಚಿಂತೆಯಿಲ್ಲ. ಅದಕ್ಕೆ ಬ್ಲೂಜೇ ಅನ್ನುವ ಉಚಿತ ಫರ್ಮ್‌ವೇರ್ ಹಾಕಿದರೆ ಫ್ಲೈಟ್ ಕಂಟ್ರೋಲರಿನ ತಂತ್ರಾಂಶವಾದ ಬೀಟಾಫ್ಲೈಟ್‌ನ ಆರ್‌ಪಿಎಂ ಫಿಲ್ಟರ್ ಕೆಲಸ ಮಾಡುತ್ತದೆ. ಹಳೆಯ ಮೋಟಾರಿನ ನಡುಕಕ್ಕೆ ಅದು ತುಂಬಾ ಸಹಾಯ.

ಫ್ರೇಮ್ ಆರಿಸುವಾಗ ತೋಳು ಒಂದೊಂದಾಗಿ ಬಿಚ್ಚಿ ಬದಲಿಸುವ ಹಾಗಿದೆಯಾ, 5 ಮಿ.ಮೀ. ದಪ್ಪ ಇದೆಯಾ, ಬಿಡಿ ತೋಳು ಸಿಗುತ್ತದಾ ಅಂತ ನೋಡಿ. ಬೋರ್ಡ್ ಕೂರುವ ತೂತುಗಳ ಅಂತರ 30.5 ಮಿ.ಮೀ. ಇದ್ದರೆ ಮೇಲೆ ಹೇಳಿದ ಜೋಡಿ ಸಲೀಸಾಗಿ ಕೂರುತ್ತದೆ. ಮೋಟಾರ್ ಸ್ಕ್ರೂ ಉದ್ದದ ಬಗ್ಗೆ ಎಚ್ಚರ. 5 ಮಿ.ಮೀ. ತೋಳಿಗೆ 8 ಮಿ.ಮೀ. ಸ್ಕ್ರೂ ಸಾಕು. ಉದ್ದ ಜಾಸ್ತಿಯಾದರೆ ಅದು ಒಳಗೆ ತಾಮ್ರದ ಸುರುಳಿಗೆ ತಾಗುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ಮೊದಲ ಥ್ರಾಟಲ್ಲಿಗೇ ಸುಡುತ್ತದೆ.

ವಿಡಿಯೊಗೆ ಈ ಬಜೆಟ್ಟಿನಲ್ಲಿ ಅನಲಾಗ್ ಮಾತ್ರ. ಡಿಜಿಟಲ್ ಚಿತ್ರ ಚಂದವೇ, ಆದರೆ ಅದರ ಗಾಗಲ್ಸಿಗೇ ನಿಮ್ಮ ಹಣದ ದೊಡ್ಡ ಪಾಲು ಹೋಗುತ್ತದೆ. ಪೆಟ್ಟಿಗೆಯಂಥ ಅನಲಾಗ್ ಗಾಗಲ್ಸ್ ತಗೊಳ್ಳಿ. ಕನ್ನಡಕ ಹಾಕುವವರಾದರೆ ಅದೇ ಅನುಕೂಲ. ಆಂಟೆನಾ ಡ್ರೋನಿನಲ್ಲೂ ಗಾಗಲ್ಸಿನಲ್ಲೂ ಒಂದೇ ಬಗೆಯದಿರಲಿ, ಬಲಸುತ್ತಿನದಕ್ಕೆ (ಆರ್‌ಎಚ್‌ಸಿಪಿ) ಬಲಸುತ್ತು. ಆಂಟೆನಾ ಹಾಕದೆ ವಿಡಿಯೊ ಟ್ರಾನ್ಸ್‌ಮಿಟರಿಗೆ ಕರೆಂಟ್ ಕೊಡಲೇಬೇಡಿ.

ಕೊನೆಗೆ ನನ್ನದೇ ಅನುಭವ ಒಂದು ಹೇಳಬೇಕು. ನನ್ನ ಮೊದಲ ಡ್ರೋನ್ ಕಟ್ಟಿ ಮುಗಿದಾಗ ರಾತ್ರಿ ಹನ್ನೊಂದಾಗಿತ್ತು. ಆಸೆ ತಡೆಯಲಿಲ್ಲ, ನೇರ ಬ್ಯಾಟರಿ ಚುಚ್ಚಿದೆ. ಕನೆಕ್ಟರಿನಲ್ಲಿ ಕೆಂಪು, ಕಪ್ಪು ತಂತಿ ಅದಲು ಬದಲಾಗಿತ್ತು. ಒಂದು ಕ್ಷಣದಲ್ಲಿ ಇಎಸ್‌ಸಿ ಹೋಯಿತು, ಜೊತೆಗೆ ಕ್ಯಾಮೆರಾವೂ ಹೋಯಿತು. ಮೂರು ತಿಂಗಳು ಕೂಡಿಟ್ಟ ಹಣ ಅದು. ಈಗಲೂ ನೆನೆದರೆ ಹೊಟ್ಟೆ ಹಿಂಡುತ್ತದೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಒಂದು ಸ್ಮೋಕ್ ಸ್ಟಾಪರ್ ತಗೊಳ್ಳಿ. ಮೊದಲ ಸಲ ಅದರ ಮೂಲಕವೇ ಕರೆಂಟ್ ಕೊಡಿ. ತಪ್ಪಿದ್ದರೆ ಅದು ತಡೆಯುತ್ತದೆ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ, ಯಾವಾಗಲೂ. ಬೆರಳು ಹೋದರೆ ಬಿಡಿ ಭಾಗ ಸಿಗುವುದಿಲ್ಲ.

ಪ್ರಶ್ನೆ (ಉಪ್ಪಳದಿಂದ): ಸರ್, ಇಷ್ಟೆಲ್ಲ ಯಾಕೆ? ಗಲ್ಫಿನಲ್ಲಿರುವ ಮಾವನ ಹತ್ತಿರ ರೆಡಿ ಡ್ರೋನ್ ತರಿಸಿದರೆ ಆಗದಾ?

ಉತ್ತರ: ಆಗುವುದಿಲ್ಲ. 2022ರ ಫೆಬ್ರವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ರೆಡಿ ಡ್ರೋನಿನ ಆಮದನ್ನು ನಿಷೇಧಿಸಿದೆ. ಬಿಚ್ಚಿಟ್ಟು ಪೂರ್ತಿ ಕಿಟ್ ತಂದರೂ ನಿಷೇಧವೇ. ಬಿಡಿ ಭಾಗಗಳಿಗೆ ಮಾತ್ರ ಅಡ್ಡಿಯಿಲ್ಲ. ಮಾವನಿಗೆ ವಿಮಾನ ನಿಲ್ದಾಣದಲ್ಲಿ ತೊಂದರೆ ಕೊಡಬೇಡಿ.

ಪ್ರಶ್ನೆ (ಮೊದಲು ಕೇಳಿದವರೇ): ತುಂಬಾ ಥ್ಯಾಂಕ್ಸ್ ಸರ್. 6ಎಸ್ ಕ್ಯಾನ್ಸಲ್ ಮಾಡಿದೆ. ಎಲ್ಲಿ ಹಾರಿಸಲಿ? ಮನೆ ಸುತ್ತ ಅಡಿಕೆ ತೋಟ. ಸ್ವಲ್ಪ ದೂರದಲ್ಲಿ ಪದವು ಇದೆ, ಕೆಳಗೆ ಗದ್ದೆ. ಲೈಸೆನ್ಸ್ ಬೇಕಾ?

ಉತ್ತರ: ಗದ್ದೆಯೇ ಸರಿ. ಕೊಯ್ಲಾದ ಮೇಲೆ ನೆಲ ಮೆತ್ತಗಿರುತ್ತದೆ. ಪದವಿನ ಕೆಂಪುಕಲ್ಲಿಗೆ ಬಿದ್ದರೆ ತೋಳು ಉಳಿಯುವುದಿಲ್ಲ. ಅಡಿಕೆ ತೋಟದ ಮೇಲೆ ಮಾತ್ರ ಹೋಗಬೇಡಿ. ಮರಗಳ ಮರೆಗೆ ಹೋದರೆ ಚಿತ್ರ ಕಟ್ ಆಗುತ್ತದೆ, ಸೋಗೆ ಒದ್ದೆ ಇದ್ದರೆ ಇನ್ನೂ ಬೇಗ. ಡ್ರೋನ್ ಮರದ ತುದಿಯಲ್ಲಿ ಸಿಕ್ಕಿಹಾಕಿಕೊಂಡರೆ ಇಳಿಸುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತನ್ನದೇ ಪುಟ್ಟ ಬ್ಯಾಟರಿ ಇರುವ ಬಜರ್ ಒಂದನ್ನು ಹಾಕಿ. ಬಿದ್ದಾಗ ದೊಡ್ಡ ಬ್ಯಾಟರಿ ಕಳಚಿಕೊಂಡರೂ ಅದು ಕೂಗುತ್ತಿರುತ್ತದೆ. ಸೋಗೆ ರಾಶಿಯಲ್ಲಿ ಹುಡುಕಲು ಅದೇ ದಾರಿ.

ನಿಮ್ಮ ಡ್ರೋನ್ ಬ್ಯಾಟರಿ ಸೇರಿ 600 ಗ್ರಾಂ ಆಸುಪಾಸು ಬರುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ದಾಟಿ 2 ಕಿಲೊ ತನಕ ಮೈಕ್ರೊ ವರ್ಗ. ಹವ್ಯಾಸಕ್ಕೆ ಹಾರಿಸುವಾಗ ಇದಕ್ಕೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ಆದರೆ ನೋಂದಣಿ ಬೇರೆ ವಿಷಯ, ಅದನ್ನು ಬಿಡಬೇಡಿ. ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ಅಂತ ನೋಡಿ. ಹಸಿರಿನಲ್ಲಿ 120 ಮೀಟರ್ ಎತ್ತರ ತನಕ ಮೊದಲೇ ಅನುಮತಿ ಕೇಳಬೇಕಾಗಿಲ್ಲ. ನಿಮಗೆ ತೆಂಗಿನ ಮರದ ಎತ್ತರವೇ ಸಾಕು. ಬೇಕಲ ಕೋಟೆಯ ಮೇಲೆ ಹಾರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಹಾರಿಸಬೇಡಿ. ಇನ್ನೊಂದು, ಗಾಗಲ್ಸ್ ಹಾಕಿದರೆ ನಿಮಗೆ ಸುತ್ತಲಿನದು ಕಾಣುವುದಿಲ್ಲ. ಪಕ್ಕದಲ್ಲಿ ಬರಿಗಣ್ಣಿನಲ್ಲಿ ಡ್ರೋನ್ ನೋಡುವವರು ಒಬ್ಬರು ಇರಲೇಬೇಕು. ಅಮ್ಮ ಬಂದು ನಿಂತರೂ ಆಗುತ್ತದೆ, "ಜನ ಬಂದರು" ಅಂತ ಹೇಳಿದರೆ ಸಾಕು.

ಪ್ರಶ್ನೆ (ಕುಂಬಳೆಯಿಂದ): ನಮ್ಮ ಮನೆ ಕಡಲ ಹತ್ತಿರ. ಉಪ್ಪು ಗಾಳಿಗೆ ಬೋರ್ಡ್ ಹಾಳಾಗುತ್ತದಾ? ಮಳೆಗಾಲದಲ್ಲಿ ಬ್ಯಾಟರಿ ಹೇಗೆ ಇಡುವುದು?

ಉತ್ತರ: ಹಾಳಾಗುತ್ತದೆ, ನಿಧಾನವಾಗಿ. ಕಟ್ಟಿದ ಮೇಲೆ ಬೋರ್ಡುಗಳಿಗೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಾಗದಂತೆ ಕಾಯುವ ತೆಳು ಲೇಪ) ಹಚ್ಚಿ. ಯುಎಸ್‌ಬಿ ಪೋರ್ಟ್, ಕನೆಕ್ಟರ್ ಮತ್ತು ಬ್ಯಾರೋಮೀಟರ್ ತೂತಿಗೆ ತಾಗಬಾರದು. ಮರಳಿನ ಮೇಲಿಂದ ಏರಿಸಬೇಡಿ. ಮೋಟಾರಿನ ಅಯಸ್ಕಾಂತಕ್ಕೆ ಕಬ್ಬಿಣದಂಶದ ಕಪ್ಪು ಮರಳು ಅಂಟಿದರೆ ಬಿಡಿಸುವುದು ಕಷ್ಟ. ಒಂದು ಮಣೆ ಒಯ್ಯಿರಿ, ಅದರ ಮೇಲಿಂದ ಏರಿಸಿ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಡಬಾರದು. ಒಂದು ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡಿ, ಚಾರ್ಜರಿನಲ್ಲಿ ಸ್ಟೋರೇಜ್ ಅನ್ನುವ ಆಯ್ಕೆ ಇರುತ್ತದೆ. ಹಾರಿಸುವಾಗ ಸೆಲ್ಲಿಗೆ 3.5ಕ್ಕೆ ಬಂದ ಕೂಡಲೇ ಇಳಿಸಿ. 1,500 ಎಂಎಎಚ್ ಬ್ಯಾಟರಿಗೆ ಚಾರ್ಜ್ 1.5 ಆಂಪಿಯರ್. ಉಬ್ಬಿದ ಬ್ಯಾಟರಿ ಬಳಸಬೇಡಿ. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಇರಿ, ಮಲಗುವ ಕೋಣೆಯಲ್ಲಿ ಬೇಡ. ನಾನು ಹೊರಗೆ ಜಗಲಿಯಲ್ಲಿ, ಸಿಮೆಂಟ್ ನೆಲದ ಮೇಲೆ ಇಟ್ಟು ಮಾಡುತ್ತೇನೆ. ಹತ್ತಿರ ಒಂದು ಬಕೆಟ್ ಮರಳು ಇರುತ್ತದೆ.

ಪ್ರಶ್ನೆ (ಮೊದಲು ಕೇಳಿದವರೇ): ರೇಡಿಯೊ ಆರ್ಡರ್ ಮಾಡಿದೆ ಸರ್. ರಿಸೀವರ್ ಯಾವುದಾದರೂ ಆಗುತ್ತದಾ?

ಉತ್ತರ: ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ 2.4ರದ್ದೇ ಆಗಬೇಕು, ಕಂಪೆನಿ ಯಾವುದಾದರೂ ಸರಿ. ಆದರೆ ಎರಡರ ಫರ್ಮ್‌ವೇರ್‌ನ ಮೊದಲ ಅಂಕಿ ಒಂದೇ ಇರಬೇಕು. ರೇಡಿಯೊದಲ್ಲಿ 3 ಇದ್ದು ರಿಸೀವರಿನಲ್ಲಿ 2 ಇದ್ದರೆ ಎಷ್ಟು ಸಲ ಬೈಂಡ್ ಮಾಡಿದರೂ ಸೇರುವುದಿಲ್ಲ. ಎಲ್ಲ ಬಂದ ಮೇಲೆ ಬೆಸುಗೆ ಹಾಕುವ ಮೊದಲು ಮೇಜಿನ ಮೇಲೆ ಹರಡಿ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.